ಫಾರ್ಮ್‌ನಲ್ಲಿ ಸಾಕಿದ ಸಿಂಹವನ್ನು ದುಡ್ಡು ಕೊಟ್ಟು ಬೇಟೆಯಾಡಿದರೆ ತಪ್ಪೇನು?

ದಕ್ಷಿಣ ಆಫ್ರಿಕಾದಲ್ಲಿ ಬೇಟೆಗೆಂದೇ ಸಿಂಹ ಸಾಕುತ್ತಾರೆ, ಅದರಿಂದ ಕಾಡಿನ ಸಿಂಹಕ್ಕೆ ತೊಂದರೆ ಇಲ್ಲ, ನಾವೂ ಕೋಳಿ ಕುರಿ ಸಾಕಿ ತಿನ್ನುತ್ತೇವಲ್ಲ, ಇದು ಮಾತ್ರ ಯಾಕೆ ತಪ್ಪು ಅಂತ ಕೇಳಿದ್ದೀರಿ. ನಾನು ಕೆಲಸದ ಮೇಲೆ ಮೂರು ವರ್ಷ ಜೋಹಾನ್ಸ್‌ಬರ್ಗ್‌ನಲ್ಲಿದ್ದೆ. ಅಲ್ಲಿ ನಾನೇ ಮಾಡಿದ ಒಂದು ಕೆಲಸದಿಂದ ಶುರು ಮಾಡುತ್ತೇನೆ.

ಒಂದು ಭಾನುವಾರ ಆಫೀಸಿನವರ ಜೊತೆ ಊರಾಚೆಯ ಒಂದು ಸಿಂಹದ ಪಾರ್ಕಿಗೆ ಹೋಗಿದ್ದೆ. ಟಿಕೆಟ್ ತಗೊಂಡರೆ ಮರಿಯನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳಬಹುದು. ನನ್ನ ಕೈಗೆ ಬಂದ ಮರಿ ಬೆರಳನ್ನು ಕರುವಿನ ಹಾಗೆ ಚೀಪುತ್ತಿತ್ತು. ಇದರ ತಾಯಿ ಎಲ್ಲಿ ಅಂತ ಕೇಳಿದೆ. ತಾಯಿ ಹಾಲು ಕೊಡಲಿಲ್ಲ, ಅದಕ್ಕೇ ಬಾಟಲಿ ಹಾಲು ಎಂದಳು ಅಲ್ಲಿದ್ದ ಹುಡುಗಿ. ದೊಡ್ಡದಾದ ಮೇಲೆ? ಕಾಡಿಗೆ ಬಿಡುತ್ತಾರೆ ಎಂದಳು. ನಾನು ನಂಬಿದೆ. ಅವಳೂ ನಂಬಿದ್ದಳು ಅನ್ನಿಸುತ್ತದೆ. ಪ್ರಾಣಿಸೇವೆ ಅಂತ ತನ್ನದೇ ದುಡ್ಡು ಕೊಟ್ಟು ಯುರೋಪಿನಿಂದ ಬಂದವಳು ಅವಳು.

ಹೀಗೆ ಮನುಷ್ಯರ ಕೈಯಲ್ಲಿ ಬೆಳೆದ ಸಿಂಹವನ್ನು ಕಾಡಿಗೆ ಬಿಡುವುದಿಲ್ಲ ಅಂತ ಆಮೇಲೆ ಓದಿ ತಿಳಿದೆ. ಎಲ್ಲ ಪಾರ್ಕುಗಳೂ ಒಂದೇ ಅಂತ ಹೇಳುತ್ತಿಲ್ಲ. ಆದರೆ ಈ ದಂಧೆಯ ಸರಪಳಿ ಹೀಗಿದೆ. ಮರಿ ಹುಟ್ಟಿದ ಕೆಲವೇ ದಿನಕ್ಕೆ ತಾಯಿಯಿಂದ ಬೇರೆ ಮಾಡುತ್ತಾರೆ. ಮರಿ ಹತ್ತಿರ ಇಲ್ಲದಿದ್ದರೆ ಸಿಂಹಿಣಿ ಬೇಗ ಬೆದೆಗೆ ಬರುತ್ತದೆ. ಕಾಡಿನಲ್ಲಿ ಸುಮಾರು ಎರಡು ವರ್ಷಕ್ಕೊಮ್ಮೆ ಮರಿ ಹಾಕುವ ಪ್ರಾಣಿ ಇಲ್ಲಿ ಕೆಲವೇ ತಿಂಗಳಲ್ಲಿ ಮತ್ತೆ ಗಬ್ಬ. ಮರಿ ಮೊದಲು ಮುದ್ದು ಮಾಡುವವರ ಕೈಗೆ. ಸ್ವಲ್ಪ ಬೆಳೆದರೆ ಪ್ರವಾಸಿಗರ ಜೊತೆ ವಾಕಿಂಗ್‌ಗೆ. ಗಂಡಾಗಿದ್ದು ಕೇಸರ ತುಂಬಿದರೆ ಬೇಲಿ ಹಾಕಿದ ಜಾಗದಲ್ಲಿ ಬೇಟೆಗೆ. ತಲೆ, ಚರ್ಮ ಬೇಟೆಗಾರನ ಮನೆಗೆ ಹೋಗುತ್ತವೆ. ಮೂಳೆ ಆಗ್ನೇಯ ಏಷ್ಯಾಕ್ಕೆ ಹೋಗುತ್ತದೆ, ಅಲ್ಲಿ ಹುಲಿ ಮೂಳೆಯ ಬದಲಿಗೆ ಅದಕ್ಕೆ ಗಿರಾಕಿ ಇದ್ದಾರೆ. 2017ರಲ್ಲಿ ಸರ್ಕಾರವೇ 800 ಅಸ್ಥಿಪಂಜರಗಳ ರಫ್ತಿಗೆ ಅವಕಾಶ ಕೊಟ್ಟಿತ್ತು. ಪ್ರಾಣಿಗಳ ಕ್ಷೇಮವನ್ನು ಲೆಕ್ಕಕ್ಕೇ ತಗೊಳ್ಳದೆ ಕೋಟಾ ನಿಗದಿ ಮಾಡಿದ್ದು ಕಾನೂನಿಗೆ ವಿರುದ್ಧ ಅಂತ 2019ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು.

ಈಗ ನಿಮ್ಮ ಕೋಳಿಯ ಪ್ರಶ್ನೆ. ಪಂಜರದಲ್ಲಿ ಒತ್ತೊತ್ತಾಗಿ ತುಂಬಿದ ಕೋಳಿಗಳನ್ನು ನೋಡಿದರೆ ನನಗೂ ಸಂಕಟವಾಗುತ್ತದೆ, ಅದು ಸರಿ ಅಂತ ನಾನು ವಾದ ಮಾಡುವುದಿಲ್ಲ. ಆದರೂ ಕೋಳಿಯನ್ನು ಕೊಯ್ಯುವವನಿಗೆ ಬೇಕಾಗಿರುವುದು ಮಾಂಸ. ಸಾವು ಬೇಗ ಮುಗಿದಷ್ಟೂ ಅವನಿಗೆ ಒಳ್ಳೆಯದು. ಇಲ್ಲಿ ಮಾರುವುದು ಸಾವನ್ನೇ. ಗಿರಾಕಿ ಸಾವಿರಾರು ಡಾಲರ್ ಕೊಡುವುದು ಕೊಲ್ಲುವ ಅನುಭವಕ್ಕೆ, ಆಮೇಲಿನ ಫೋಟೊಗೆ. ಅದೂ ಮನುಷ್ಯರೆಂದರೆ ಊಟ ಕೊಡುವವರು ಅಂತ ಕಲಿತ ಪ್ರಾಣಿ. ಜೀಪ್ ಸದ್ದು ಕೇಳಿದರೆ ಓಡಿಹೋಗುವುದಿಲ್ಲ, ಮಾಂಸ ಬಂತು ಅಂತ ನೋಡುತ್ತದೆ. ನಂಬಿಸಿ ಕತ್ತು ಕೊಯ್ಯುವುದು ಅಂತ ನಾವು ಹೇಳುತ್ತೇವಲ್ಲ, ಇದು ಅಕ್ಷರಶಃ ಅದೇ. ನನಗೆ ಇದರಲ್ಲಿ ಅತಿ ದೊಡ್ಡ ತಪ್ಪು ಕಾಣುವುದು ಇಲ್ಲೇ. ಕಾಡುಪ್ರಾಣಿಗೆ ನಮ್ಮಿಂದ ಇರುವ ರಕ್ಷಣೆ ಅಂದರೆ ನಮ್ಮ ಬಗ್ಗೆ ಅದಕ್ಕಿರುವ ಭಯ. ಆ ಭಯವನ್ನು ಬಾಟಲಿ ಹಾಲು ಕುಡಿಸಿ ತೆಗೆದುಹಾಕಿ, ಆಮೇಲೆ ಗುಂಡು ಹೊಡೆಯುತ್ತಾರೆ.

ನಾನು ಬೇಟೆ ಅಂದರೇನು ಅಂತ ಗೊತ್ತಿಲ್ಲದ ಮನೆಯವನಲ್ಲ. ನಮ್ಮೂರು ತೀರ್ಥಹಳ್ಳಿ ಕಡೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವ ಮೊದಲು ನಮ್ಮಜ್ಜ ಕೋವಿ ಹಿಡಿದು ಕಾಡಿಗೆ ಹೋಗುತ್ತಿದ್ದರು. ಹತ್ತು ಸಲ ಹೋದರೆ ಎಂಟು ಸಲ ಬರಿಗೈಲಿ ಬರುತ್ತಿದ್ದರಂತೆ. ಅಂಗಳಕ್ಕೆ ಬಂದ ಪ್ರಾಣಿಗೆ ಈಡು ಹೊಡೆಯಬಾರದು ಅಂತ ಅವರದೊಂದು ನಿಯಮ ಇತ್ತು. ಹೊಟ್ಟೆ ತುಂಬಿರಲಿ ಖಾಲಿ ಇರಲಿ, ಅದನ್ನು ಅವರು ಮುರಿಯಲಿಲ್ಲ.

ಬೇಲಿಯೊಳಗಿನ ಬೇಟೆಯ ಬಗ್ಗೆ ಬೇಟೆಗಾರರಲ್ಲೇ ಒಡಕಿದೆ. 2015ರಲ್ಲಿ ದಕ್ಷಿಣ ಆಫ್ರಿಕಾದ ವೃತ್ತಿ ಬೇಟೆಗಾರರ ಸಂಘವೇ ಫಾರ್ಮ್ ಸಿಂಹದ ಬೇಟೆಯಿಂದ ದೂರ ಇರಬೇಕು ಅಂತ ಮತ ಹಾಕಿತು. 2017ರಲ್ಲಿ ಆ ನಿಲುವನ್ನು ಬದಲಿಸಿದಾಗ ಸಂಘವೇ ಒಡೆಯಿತು. ಅದಕ್ಕೂ ಮುಂಚೆ, ಸಿಂಹವನ್ನು ದೊಡ್ಡ ಜಾಗದಲ್ಲಿ ಬಿಟ್ಟು 24 ತಿಂಗಳು ಅದರ ಪಾಡಿಗೆ ಬದುಕಿದ ಮೇಲಷ್ಟೇ ಬೇಟೆ ಅಂತ ಸರ್ಕಾರ ಒಂದು ನಿಯಮ ತಂದಿತ್ತು. ಸಾಕುವವರು ಕೋರ್ಟಿಗೆ ಹೋಗಿ 2010ರಲ್ಲಿ ಗೆದ್ದರು. ನಾರ್ತ್ ವೆಸ್ಟ್ ಪ್ರಾಂತ್ಯದಲ್ಲಿ 96 ಗಂಟೆ ಬಿಟ್ಟರೆ ಸಾಕಿತ್ತು. ನಾಲ್ಕು ದಿನ! ಅಷ್ಟರಲ್ಲಿ ಹೊಸ ಜಾಗದಲ್ಲಿ ನೀರು ಎಲ್ಲಿದೆ ಅಂತಲೂ ಅದಕ್ಕೆ ಸರಿಯಾಗಿ ಗೊತ್ತಾಗಿರುವುದಿಲ್ಲ.

ಇದರಿಂದ ಕಾಡಿನ ಸಿಂಹ ಉಳಿಯುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಫಾರ್ಮ್‌ಗಳಲ್ಲಿ ಸುಮಾರು 8,000 ಸಿಂಹಗಳಿವೆ. ಆ ದೇಶದ ಕಾಡಿನಲ್ಲಿರುವುದಕ್ಕಿಂತ ಎರಡು ಪಟ್ಟು ಜಾಸ್ತಿ. ಆದರೆ ಅವು ಕಾಡಿಗೆ ಹೋಗುವುದಿಲ್ಲ, ಕಾಡನ್ನು ಕಾಯುವುದೂ ಇಲ್ಲ. ಫಾರ್ಮ್ ಸಿಂಹದ ತಲೆ, ಚರ್ಮದಂಥ ಟ್ರೋಫಿ ತರಲು ಅಮೆರಿಕ 2016ರಲ್ಲಿ ಅನುಮತಿ ನಿಲ್ಲಿಸಿದ್ದೂ ಇದೇ ಕಾರಣಕ್ಕೆ, ಇದರಿಂದ ಕಾಡಿನ ಸಿಂಹಕ್ಕೆ ಉಪಯೋಗ ಅಂತ ತೋರಿಸಲು ಆಗಲಿಲ್ಲ.

ಒಂದು ಕಡೆ ಮಾತ್ರ ನನ್ನ ವಾದ ತಡವರಿಸುತ್ತದೆ. ಸಿಮಿಟಾರ್ ಓರಿಕ್ಸ್ ಅಂತ ಕತ್ತಿಯ ಹಾಗೆ ಬಾಗಿದ ಕೊಂಬಿನ ಹುಲ್ಲೆ ಇದೆ. 2000ದಲ್ಲಿ ಅದು ಕಾಡಿನಿಂದ ಪೂರ್ತಿ ಹೋಯಿತು ಅಂತ ಘೋಷಿಸಿದರು. ಆದರೆ ಟೆಕ್ಸಾಸ್‌ನ ರ‍್ಯಾಂಚ್‌ಗಳಲ್ಲಿ ಸಾವಿರಾರು ಉಳಿದವು, ಬೇಟೆಯ ದುಡ್ಡು ಬರುತ್ತದೆ ಅಂತಲೇ. 2016ರಿಂದ ಚಾಡ್ ದೇಶದಲ್ಲಿ ಸಾಕಿದ ಓರಿಕ್ಸ್‌ಗಳನ್ನು ಮತ್ತೆ ಬಯಲಿಗೆ ಬಿಡುತ್ತಿದ್ದಾರೆ. ಅಂಥ ಕಡೆ ನಾನು ಸುಮ್ನೆ 'ತಪ್ಪು' ಅಂತ ಹೇಳಿ ಎದ್ದು ಹೋಗಲಾರೆ. ಆದರೂ ಅದು ಹಿಂಡಿನಲ್ಲಿ ಮೇಯುತ್ತಾ ಬೆಳೆದ ಪ್ರಾಣಿ, ಮಡಿಲಲ್ಲಿ ಬೆಳೆದದ್ದಲ್ಲ.

2021ರಲ್ಲಿ ದಕ್ಷಿಣ ಆಫ್ರಿಕಾದ ಪರಿಸರ ಸಚಿವೆ ಬಾರ್ಬರಾ ಕ್ರೀಸಿ ಸಿಂಹ ಸಾಕಣೆಯನ್ನು ಕೊನೆ ಮಾಡುತ್ತೇವೆ ಎಂದರು. ಆಮೇಲೂ ಫಾರ್ಮ್‌ಗಳು ನಡೆಯುತ್ತಲೇ ಬಂದವು. ಬೇಟೆ ನಿಲ್ಲಿಸುವುದಕ್ಕಿಂತ ಮೊದಲು ಮರಿ ಮಾಡಿಸುವುದನ್ನು ನಿಲ್ಲಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ಸಾಕುವವನಿಗೆ ಮಾಂಸದ ಖರ್ಚು ದಂಡ ಅನ್ನಿಸಿ ಇರುವ ಸಿಂಹಗಳು ಹಸಿವಿನಿಂದ ಸಾಯುತ್ತವೆ. ನೀವು ಯಾವತ್ತಾದರೂ ಆ ಕಡೆ ಹೋದರೆ, ಮರಿ ಎತ್ತಿಕೊಳ್ಳಲು ದುಡ್ಡು ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: ಐದು ವರ್ಷದ ಹಿಂದೆ ಇಲ್ಲಿ ಹುಟ್ಟಿದ ಮರಿಗಳು ಈಗ ಎಲ್ಲಿವೆ?