ಒಂಬತ್ತರ ವಯಸ್ಸಿನಲ್ಲಿ ಚಿತ್ರ ಬಿಡಿಸುವುದನ್ನು ನಿಲ್ಲಿಸುವ ಮಕ್ಕಳು

ಒಂಬತ್ತು ವರ್ಷದ ನಿಮ್ಮ ಮಗಳು ಬಿಡಿಸಿದ್ದನ್ನೆಲ್ಲ ಅಳಿಸಿ ‘ನನಗೆ ಬರುವುದಿಲ್ಲ’ ಎನ್ನುತ್ತಾಳೆ ಎಂದು ಬರೆದಿದ್ದೀರಿ. ಇದಕ್ಕೆ ಕಾರಣ ಬಹುಶಃ ಆಸಕ್ತಿ ಕುಂದಿರುವುದಲ್ಲ, ಅವಳ ಕಣ್ಣು ಕೈಗಿಂತ ಮುಂದೆ ಹೋಗಿರುವುದು. ಐದಾರು ವರ್ಷದ ಮಗು ತನಗೆ ತಿಳಿದಿರುವುದನ್ನು ಬಿಡಿಸುತ್ತದೆ. ಆದ್ದರಿಂದಲೇ ಅದರ ಚಿತ್ರದಲ್ಲಿ ಗೋಡೆಯ ಹಿಂದಿರುವವರೂ ಕಾಣುತ್ತಾರೆ, ಆಕಾಶವು ಹಾಳೆಯ ಮೇಲ್ತುದಿಯ ನೀಲಿ ಪಟ್ಟಿಯಾಗಿರುತ್ತದೆ. ಒಂಬತ್ತರ ಸುಮಾರಿಗೆ ಕಂಡಂತೆಯೇ ಬಿಡಿಸಬೇಕೆಂಬ ಹಂಬಲ ಹುಟ್ಟುತ್ತದೆ. ಕಲಾಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿಯೇ ಇದನ್ನು ಪ್ರತ್ಯೇಕ ಹಂತವೆಂದು ವಿವರಿಸಿದ್ದರು.

ಮೊದಲು ರಬ್ಬರನ್ನು ತೆಗೆದಿಟ್ಟು ಪೆನ್ನು ಕೊಡಿ. ಚೊಂಬನ್ನೋ ಚಪ್ಪಲಿಯನ್ನೋ ಎದುರಿಗಿಟ್ಟು, ಅದರ ಅಂಚಿನ ಮೇಲೆ ಕಣ್ಣು ಸರಿದಂತೆ ಕೈಯನ್ನೂ ನಿಧಾನವಾಗಿ ಸರಿಸಲು ಹೇಳಿ. ಅದು ರೂಢಿಯಾದ ಮೇಲೆ ಎರಡು ವಸ್ತುಗಳನ್ನು ಒಂದರ ಮುಂದೊಂದಿಟ್ಟು, ಹಿಂದಿನದರಲ್ಲಿ ಕಾಣುವಷ್ಟನ್ನೇ ಬಿಡಿಸಲು ತಿಳಿಸಿ. ಈ ವಯಸ್ಸಿನ ಮಕ್ಕಳಿಗೆ ಅತಿ ಹೆಚ್ಚು ಬೇಕಾಗಿರುವ ಪಾಠ, ನನ್ನ ಅಭಿಪ್ರಾಯದಲ್ಲಿ, ಇದೇ. ನೀವೇ ತಿದ್ದಿಕೊಡಬೇಡಿ, ‘ಬಹಳ ಚೆನ್ನಾಗಿದೆ’ ಎಂದೂ ಹೇಳಬೇಡಿ (ಅವಳು ನಂಬುವುದಿಲ್ಲ). ಚೊಂಬಿನ ಕತ್ತಿನ ಬಾಗು ಸರಿಯಾಗಿ ಬಂದಿದ್ದರೆ ಅದನ್ನಷ್ಟೇ ತೋರಿಸಿ.

ಶಾಲೆಯಲ್ಲಿ ಯಾರಾದರೂ ನಕ್ಕಿದ್ದರಿಂದ ಹೀಗಾಗಿರುವ ಸಾಧ್ಯತೆಯೂ ಇದೆ. ನಿಮ್ಮ ವಿವರಣೆಯಿಂದ ಅದನ್ನು ತಳ್ಳಿಹಾಕಲಾಗದು, ಅವಳನ್ನೇ ಕೇಳಿ ನೋಡಿ. ಬರವಣಿಗೆಯೂ ಕಷ್ಟವಾಗುತ್ತಿದ್ದರೆ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ.