ಕಾಳಿಯಲ್ಲಿ ಗಾಳ ಹಾಕಿದವರಿಗೆ ಬ್ಯಾಂಕ್ಸ್ ಲೇಕಿನಲ್ಲಿ ಗೈಡ್ ಬೇಕಾ?

ಕಾರವಾರದಲ್ಲಿ ಕಾಳಿ ಅಳಿವೆಯ ಅಭ್ಯಾಸ ಇದೆ, ಮಗನ ಮನೆಗೆಂದು ವಾಷಿಂಗ್ಟನ್ ರಾಜ್ಯಕ್ಕೆ ಹೊರಟಿದ್ದೇನೆ, ಬ್ಯಾಂಕ್ಸ್ ಲೇಕಿನ ಗೆಂಡೆ ಮೀನಿಗೆ ಗೈಡ್ ಬೇಕೇ ಬೇಕಾ ಅಂತ ಕೇಳಿದ್ದೀರಿ. ಮೊದಲ ದಿನಕ್ಕಾದರೂ ಬೇಕು.

ನಾವು ಇಲ್ಲಿ ಗಾಳ ಎಸೆದು ಮೀನು ಬರಲಿ ಅಂತ ಕಾಯುತ್ತೇವೆ, ಅಲ್ವಾ? ಅಲ್ಲಿ ಮೊದಲು ಮೀನನ್ನು ಕಣ್ಣಿಂದ ಹುಡುಕಬೇಕು, ಆಮೇಲೆ ಎಸೆತ. ಸುತ್ತ ಒಣ ಬಯಲು. ಕೆರೆ ತುಂಬಿರುವುದು ಗ್ರ್ಯಾಂಡ್ ಕೂಲಿ ಅಣೆಕಟ್ಟಿನ ಬಳಿ ಕೊಲಂಬಿಯಾ ನದಿಯಿಂದ ಪಂಪ್ ಮಾಡಿದ ನೀರು. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿಗೂ ಗೆಂಡೆ ಮೇಯಲು ಬರುತ್ತದೆ. ತಲೆ ಕೆಳಗೆ, ಬಾಲ ಮೇಲೆ, ಮೂತಿಯ ಹತ್ತಿರ ಕೆಸರು ಹೊಗೆಯ ಹಾಗೆ ಏಳುತ್ತಿದ್ದರೆ ಅದು ತಿನ್ನುತ್ತಿದೆ. ಸುಮ್ನೆ ಬಿಸಿಲಿಗೆ ನಿಂತ ಮೀನಿಗೆ ಎಸೆದು ಕೈ ನೋಯಿಸಿಕೊಳ್ಳಬೇಡಿ. ಗೈಡ್‌ಗೆ ಈ ವ್ಯತ್ಯಾಸ ದೂರದಿಂದಲೇ ಗೊತ್ತಾಗುತ್ತದೆ. ದುಡ್ಡು ಕೊಡುವುದು ಅದಕ್ಕೇ.

ಫ್ಲೈ, ಅಂದರೆ ಹುಳದ ಹಾಗೆ ಕಾಣುವಂತೆ ಗಾಳಕ್ಕೆ ಕಟ್ಟಿದ ನಕಲಿ ಎರೆ, ಮೀನಿನ ಮುಂದೆ, ಸ್ವಲ್ಪ ಆಚೆ ಬೀಳಲಿ. ಮೆಲ್ಲಗೆ ಎಳೆದು ಬಾಯಿಯ ಹತ್ತಿರ ಮುಳುಗಲು ಬಿಡಿ. ತಲೆ ಮೇಲೆ ಬಿತ್ತೋ, ಮೀನು ಓಡಿತು. ದಾರ ಜಗ್ಗುವವರೆಗೆ ಕಾದರೂ ಕೆಟ್ಟಿತು: ಗೆಂಡೆ ಹೀರಿಕೊಂಡು, ಹಿಡಿಸದಿದ್ದರೆ ತಕ್ಷಣ ಉಗುಳುತ್ತದೆ. ತಲೆ ಫ್ಲೈ ಕಡೆ ವಾಲಿದ ಕೂಡಲೇ ಎಳೆಯಿರಿ.

ನೀರಿನ ಮೇಲಿನ ಹೊಳಪು ತಡೆಯುವ ಪೋಲರೈಜ್ಡ್ ಕನ್ನಡಕ, ಅಗಲ ಅಂಚಿನ ಟೋಪಿ ಇಲ್ಲಿಂದಲೇ ಒಯ್ಯಿರಿ. ಬಿಸಿಲು ಬೆನ್ನಿಗಿರಲಿ. ಗೆಂಡೆಗೆ ಆ ರಾಜ್ಯದಲ್ಲಿ ಲೈಸೆನ್ಸ್ ಬೇಡ; ಬೇರೆ ಮೀನಿಗೂ ಗಾಳ ಹಾಕುವುದಾದರೆ, ಗೈಡ್ ಇದ್ದರೂ ಲೈಸೆನ್ಸ್ ನಿಮ್ಮ ಹೆಸರಲ್ಲಿ ಬೇಕು. ಅಲ್ಲಿ ಗೆಂಡೆಯನ್ನು ಹಿಡಿದು ಬಿಡುವವರೇ ಜಾಸ್ತಿ. ಸಾರಿನ ಆಸೆ ಇದ್ದರೆ ಗೈಡ್‌ಗೆ ಮೊದಲೇ ಹೇಳಿಬಿಡಿ.