ಶಾಸಕರ ಸಂಬಳ ಏರಿಕೆಯನ್ನು ಮೇಲ್ಮನೆ ಕೋರ್ಟಿನಲ್ಲಿ ಪ್ರಶ್ನಿಸಬಹುದೇ?

ಪ್ರಶ್ನೆ: ನಾನು ತಿಪಟೂರಿನ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಸೇವೆಯಲ್ಲಿದ್ದಷ್ಟು ಕಾಲ ಆಗ್ನೇಯ ಶಿಕ್ಷಕರ ಕ್ಷೇತ್ರದ ಮತದಾರನಾಗಿದ್ದೆ. 2025ರ ಮಾರ್ಚ್‌ನಲ್ಲಿ ಶಾಸಕರ ಸಂಬಳ ಏರಿಸುವ ಮಸೂದೆಯು ವಿಧಾನಸಭೆಯಲ್ಲಿ ಗದ್ದಲದ ನಡುವೆಯೇ ಅಂಗೀಕಾರವಾಯಿತು. ಚಿಂತಕರ ಚಾವಡಿ ಎನಿಸಿಕೊಂಡ ವಿಧಾನ ಪರಿಷತ್ತು ಇಂಥದ್ದನ್ನು ತಡೆಯಲು ಬರುವುದಿಲ್ಲವೇ? ತಡೆಯಲಾಗದಿದ್ದರೆ, ಒಂದು ಸದನವಾಗಿ ಅದು ನ್ಯಾಯಾಲಯದ ಮೆಟ್ಟಿಲು ಹತ್ತಬಹುದೇ?

ಉತ್ತರ: ಗುರುಗಳೇ, ಸದನವಾಗಿ ಹತ್ತಲು ಬರುವುದಿಲ್ಲ. ಸಂವಿಧಾನದ 300ನೇ ವಿಧಿಯ ಪ್ರಕಾರ ದಾವೆ ಹೂಡುವುದೂ ದಾವೆಗೆ ಉತ್ತರಿಸುವುದೂ ರಾಜ್ಯದ ಹೆಸರಿನಲ್ಲಿ. ಒಂದು ಸದನವು ಇನ್ನೊಂದು ಸದನದ ವಿರುದ್ಧವೋ ತಾನೂ ಸೇರಿ ಮಾಡಿದ ಕಾಯ್ದೆಯ ವಿರುದ್ಧವೋ ವಾದಿಯಾಗಿ ನಿಲ್ಲುವ ದಾರಿಯನ್ನು ಸಂವಿಧಾನ ಎಲ್ಲಿಯೂ ತೋರಿಸಿಲ್ಲ. ಇದಕ್ಕಿಂತ ಮುಜುಗರದ ಸಂಗತಿ ಇನ್ನೊಂದಿದೆ. ನಮ್ಮಲ್ಲಿ ಶಾಸಕರ ಸಂಬಳ, ಭತ್ಯೆ, ಪಿಂಚಣಿಗಳನ್ನು ನಿರ್ಧರಿಸುವ 1956ರ ಕಾಯ್ದೆ ವಿಧಾನಸಭೆಯ 224 ಮಂದಿಗೆ ಅನ್ವಯಿಸುವಂತೆಯೇ ಪರಿಷತ್ತಿನ 75 ಮಂದಿಗೂ ಅನ್ವಯಿಸುತ್ತದೆ. ತಾವು ಹೇಳಿದ ಮಸೂದೆಯಲ್ಲಿ ತಿಂಗಳ ಸಂಬಳ 40,000 ರೂಪಾಯಿಯಿಂದ 80,000 ರೂಪಾಯಿಗೆ ಏರಿದ್ದು ಎರಡೂ ಮನೆಯವರಿಗೆ. ಹಾಗಾಗಿ ಪರಿಷತ್ತು ಅದನ್ನು ಪ್ರಶ್ನಿಸುವುದೆಂದರೆ ತನ್ನ ತಟ್ಟೆಯನ್ನು ತಾನೇ ಪಕ್ಕಕ್ಕೆ ಸರಿಸಿದಂತೆ.

ತಡೆಯುವ ಮಾತು ಬೇರೆ, ಅದರಲ್ಲಿ ಸ್ವಲ್ಪ ಎಡೆಯಿದೆ. ಮಸೂದೆಯನ್ನು ಸಭಾಧ್ಯಕ್ಷರು ಹಣದ ಮಸೂದೆ (ತೆರಿಗೆ, ಸಾಲ, ಬೊಕ್ಕಸದಂಥ ವಿಷಯಗಳನ್ನಷ್ಟೇ ಒಳಗೊಂಡದ್ದು) ಎಂದು ಪ್ರಮಾಣೀಕರಿಸಿದ್ದರೆ ಪರಿಷತ್ತಿಗೆ ಸಿಗುವುದು ಕೇವಲ 14 ದಿನ. ಅದರ ಶಿಫಾರಸುಗಳನ್ನು ವಿಧಾನಸಭೆ ಒಪ್ಪಲೂಬಹುದು, ಬಿಡಲೂಬಹುದು. ಆದರೆ ಬೊಕ್ಕಸದಿಂದ ಖರ್ಚಾಗುತ್ತದೆ ಎಂಬ ಒಂದೇ ಕಾರಣಕ್ಕೆ ಎಲ್ಲ ಮಸೂದೆಯೂ ಹಣದ ಮಸೂದೆಯಾಗುವುದಿಲ್ಲ. ಹಾಗೆ ಪ್ರಮಾಣೀಕರಿಸದ ಮಸೂದೆಯನ್ನು ಪರಿಷತ್ತು 197ನೇ ವಿಧಿಯಂತೆ ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳುಹಿಸಿದಾಗ ಇನ್ನೊಂದು ತಿಂಗಳು ಹಿಡಿದಿಡಬಹುದು. ನಾಲ್ಕು ತಿಂಗಳು ಅಲ್ಪಾವಧಿಯೇನಲ್ಲ, ಅಷ್ಟರಲ್ಲಿ ಊರೂರಿನ ಜಗಲಿಗಳಲ್ಲಿ ವಿಷಯ ಚರ್ಚೆಗೆ ಬರುತ್ತದೆ. ಹಿಡಿದಿಡುವ ಮನಸ್ಸು ಬೇಕು, ಅಷ್ಟೆ.

ಇನ್ನು ಪರಿಷತ್ತಿನ ಒಬ್ಬ ಸದಸ್ಯರಾಗಲಿ, ತಮ್ಮಂಥ ನಾಗರಿಕರಾಗಲಿ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಲು ಅಡ್ಡಿಯಿಲ್ಲ. ಆದರೆ ‘ಗದ್ದಲದ ನಡುವೆ ಅಂಗೀಕಾರವಾಯಿತು’ ಎಂಬ ಆಧಾರ ಅಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಕಲಾಪದ ಕ್ರಮದಲ್ಲಿ ಲೋಪವಾಗಿದೆ ಎಂಬ ಕಾರಣಕ್ಕೆ ಅದನ್ನು ಪ್ರಶ್ನಿಸುವಂತಿಲ್ಲ ಎಂದು 212ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಉಳಿಯುವ ಆಧಾರಗಳು ಮುಖ್ಯವಾಗಿ ಎರಡು: ಕಾಯ್ದೆ ಮಾಡುವ ಅಧಿಕಾರವೇ ಇರಲಿಲ್ಲ ಎನ್ನುವುದು, ಇಲ್ಲವೇ ಕಾಯ್ದೆಯು ಮೂಲಭೂತ ಹಕ್ಕಿಗೆ, ವಿಶೇಷವಾಗಿ 14ನೇ ವಿಧಿಯ ಸಮಾನತೆಗೆ, ವಿರುದ್ಧವಾಗಿದೆ ಎನ್ನುವುದು. ಮೊದಲನೆಯದು ಸಂಬಳದ ಮಟ್ಟಿಗೆ ದುರ್ಬಲ. 195ನೇ ವಿಧಿ ಮತ್ತು ರಾಜ್ಯ ಪಟ್ಟಿಯ 38ನೇ ನಮೂದು ಆ ಅಧಿಕಾರವನ್ನು ಶಾಸಕಾಂಗದ ಕೈಗೇ ಕೊಟ್ಟಿವೆ.

ಎರಡನೆಯದು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದಕ್ಕೆ 2018ರ ಎರಡು ತೀರ್ಪುಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಬೇಕು. ಎರಡೂ ಸುಪ್ರೀಂ ಕೋರ್ಟಿನವು, ಎರಡರಲ್ಲೂ ಅರ್ಜಿದಾರರು ಲೋಕ ಪ್ರಹರಿ ಎಂಬ ಒಂದೇ ಸಂಸ್ಥೆ, ನಡುವಿನ ಅಂತರ ಮೂರೇ ವಾರ. ಏಪ್ರಿಲ್ 16ರಂದು, ಮಾಜಿ ಸಂಸದರ ಪಿಂಚಣಿ ಮತ್ತಿತರ ಸೌಲಭ್ಯಗಳ ವಿರುದ್ಧದ ಅರ್ಜಿ ವಜಾ ಆಯಿತು. ಮೇ 7ರಂದು, ಮಾಜಿ ಮುಖ್ಯಮಂತ್ರಿಗಳು ಜೀವನಪೂರ್ತಿ ಸರ್ಕಾರಿ ಬಂಗಲೆಯಲ್ಲಿರಬಹುದು ಎಂದಿದ್ದ ಉತ್ತರ ಪ್ರದೇಶದ ಕಾಯ್ದೆಯ ಅಂಶವನ್ನು ನ್ಯಾಯಾಲಯ ರದ್ದುಮಾಡಿತು. ಅಧಿಕಾರ ಬಿಟ್ಟ ಮೇಲೆ ಮುಖ್ಯಮಂತ್ರಿಯಾಗಿದ್ದವರೂ ಸಾಮಾನ್ಯ ನಾಗರಿಕರೇ, ಅವರನ್ನು ಬೇರೆ ವರ್ಗವೆಂದು ಎಣಿಸಿ ಸಾರ್ವಜನಿಕ ಆಸ್ತಿ ಕೊಡುವುದು ಸಮಾನತೆಗೆ ವಿರುದ್ಧ ಎಂಬುದು ಅಲ್ಲಿನ ತರ್ಕ. ಈ ತರ್ಕ ಬಂಗಲೆಗೆ ಸಲ್ಲುವುದಾದರೆ ಪಿಂಚಣಿಗೆ ಏಕೆ ಸಲ್ಲದು ಎಂದು ಕೇಳಬೇಕೆನಿಸುತ್ತದೆ. ನನಗೂ ಅನಿಸಿದೆ. ಸದ್ಯಕ್ಕೆ ಕಾನೂನು ನಿಂತಿರುವುದು ಮಾತ್ರ ಹಾಗೆ.

ಬೇರೆ ದೇಶಗಳಲ್ಲಿ ಸಂಬಳ ನಿರ್ಧರಿಸುವ ಈ ಕತ್ತರಿಯನ್ನು ಮೂರನೆಯವರ ಕೈಗೆ ಕೊಟ್ಟ ನಿದರ್ಶನಗಳಿವೆ. ಕೀನ್ಯಾದ 2010ರ ಸಂವಿಧಾನ ಸಂಬಳ ನಿಗದಿಗೆ ಪ್ರತ್ಯೇಕ ಆಯೋಗವನ್ನೇ ರಚಿಸಿದೆ. ಅಲ್ಲಿನ ಸಂಸದರಿಗೆ ಸಂಸತ್ತಿನದೇ ಸೇವಾ ಆಯೋಗ ತಿಂಗಳಿಗೆ 2,50,000 ಶಿಲ್ಲಿಂಗ್ ಮನೆ ಭತ್ಯೆ ಮಂಜೂರು ಮಾಡಿದಾಗ, ಸಂಬಳ ಆಯೋಗ ನ್ಯಾಯಾಲಯಕ್ಕೆ ಹೋಯಿತು. 2020ರ ಡಿಸೆಂಬರಿನಲ್ಲಿ ಹೈಕೋರ್ಟ್ ಆ ಭತ್ಯೆಯನ್ನು ಕಾನೂನುಬಾಹಿರ ಎಂದಿತು. ನಮ್ಮಲ್ಲಿ ಸಂಸದರ ಸಂಬಳವನ್ನು ಬೆಲೆ ಏರಿಕೆಯ ಸೂಚ್ಯಂಕಕ್ಕೆ ಜೋಡಿಸಿ ಐದು ವರ್ಷಕ್ಕೊಮ್ಮೆ ಪರಿಷ್ಕರಿಸುವ ಪದ್ಧತಿ 2018ರಲ್ಲಿ ಬಂತು. ಆ ಲೆಕ್ಕದಲ್ಲಿ ಒಂದು ಲಕ್ಷವಿದ್ದುದು 2023ರ ಏಪ್ರಿಲ್‌ನಿಂದ ಅನ್ವಯವಾಗುವಂತೆ 1.24 ಲಕ್ಷವಾಯಿತು. ಒಂದೇ ಏಟಿಗೆ ದುಪ್ಪಟ್ಟಾಗುವುದಕ್ಕಿಂತ ಇದು ಮರ್ಯಾದೆಯ ಕ್ರಮ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ಚಿಂತಾಮಣಿ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೇನೆ. 2006ರ ಏಪ್ರಿಲ್ 1ರ ನಂತರ ಸೇರಿದ್ದರಿಂದ ಎನ್‌ಪಿಎಸ್‌ಗೆ (ನೌಕರರೂ ವಂತಿಗೆ ಕಟ್ಟುವ ಹೊಸ ಪಿಂಚಣಿ ವ್ಯವಸ್ಥೆಗೆ) ಒಳಪಟ್ಟಿದ್ದು, ಪ್ರತಿ ತಿಂಗಳ ವೇತನ ಚೀಟಿಯಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10ರಷ್ಟು ಕಡಿತವಾಗುವುದನ್ನು ನೋಡುತ್ತೇನೆ. ಮಾಜಿ ಶಾಸಕರಿಗೆ ಯಾವ ಕಡಿತವೂ ಇಲ್ಲದೆ ಪಿಂಚಣಿ. ಇದು ಅಸಮಾನತೆಯಲ್ಲವೇ?

ಉತ್ತರ: ನ್ಯಾಯದ ಕಣ್ಣಿಗೆ ಅಸಮಾನತೆ ಹೌದಮ್ಮ, ನ್ಯಾಯಾಲಯದ ಕಣ್ಣಿಗೆ ಕಷ್ಟ. 14ನೇ ವಿಧಿಯಡಿ ಹೋಲಿಕೆ ಮಾಡಬೇಕಾದರೆ ಇಬ್ಬರೂ ಒಂದೇ ವರ್ಗದವರಾಗಿರಬೇಕು. ತಾವು ಸೇವಾ ನಿಯಮಗಳಡಿಯ ನೌಕರರು, ಅವರು ಚುನಾಯಿತರು. ಎರಡು ಪಿಂಚಣಿಗಳ ಮೂಲ ಕಾನೂನುಗಳೇ ಬೇರೆ ಎಂದು ಸರ್ಕಾರಿ ವಕೀಲರು ಹೇಳಿದರೆ ವಾದ ಅಲ್ಲಿಗೇ ನಿಲ್ಲುತ್ತದೆ. 2025ರ ಮಸೂದೆಯಲ್ಲಿ ಮಾಜಿ ಶಾಸಕರ ಪಿಂಚಣಿ 50,000ದಿಂದ 75,000 ರೂಪಾಯಿಗೆ ಏರಿದ್ದು ಎಷ್ಟೇ ಚುಚ್ಚಿದರೂ, ಮೊತ್ತ ಹೆಚ್ಚಾಯಿತು ಎಂಬ ಕಾರಣಕ್ಕೆ ಕಾಯ್ದೆ ಬೀಳುವುದಿಲ್ಲ.

ಬದಲಾವಣೆ ಬಂದಿರುವುದು ಶಾಸಕಾಂಗದಿಂದಲೇ. ಎಷ್ಟು ಸಲ ಗೆದ್ದಿದ್ದರೂ ಒಬ್ಬ ಮಾಜಿ ಶಾಸಕರಿಗೆ ಒಂದೇ ಪಿಂಚಣಿ ಎಂದು ಪಂಜಾಬ್ 2022ರಲ್ಲಿ ಕಾಯ್ದೆಯನ್ನು ತಿದ್ದಿತು. ನಿಮ್ಮ ಸಂಘದವರು ಮನವಿಪತ್ರ ಬರೆಯುವುದಾದರೆ ಎನ್‌ಪಿಎಸ್ ಕುರಿತ ಬೇಡಿಕೆಯ ಜೊತೆಗೆ ಇದನ್ನು ಬೆರೆಸದೆ, ಪಂಜಾಬಿನ ತಿದ್ದುಪಡಿಯನ್ನೇ ಮಾದರಿಯಾಗಿ ಮುಂದಿಡುವುದು ಒಳ್ಳೆಯದು. ಅದಕ್ಕೆ ಮೊದಲು ಹತ್ತು ರೂಪಾಯಿ ಶುಲ್ಕ ಕಟ್ಟಿ, ಮಾಹಿತಿ ಹಕ್ಕು ಕಾಯ್ದೆಯಡಿ ವಿಧಾನಸಭೆ ಸಚಿವಾಲಯದಿಂದ ಮಸೂದೆಯ ಪ್ರತಿಯನ್ನು ಅದರ ಆರ್ಥಿಕ ಜ್ಞಾಪನ ಪತ್ರದ ಸಮೇತ ತರಿಸಿಕೊಳ್ಳಿ. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ವರ್ಷಕ್ಕೆ ಎಷ್ಟು ಹೆಚ್ಚುವರಿ ಹೊರೆ ಎಂದು ಸರ್ಕಾರ ತಾನೇ ಬರೆದುಕೊಡುವುದು ಆ ಜ್ಞಾಪನ ಪತ್ರದಲ್ಲಿ; ಮನವಿಯಲ್ಲಿ ಆ ಅಂಕಿಯನ್ನೇ ಹಾಕಿ.